ಹೈದರಾಬಾದ್ ವಿಮೋಚನೆ ಮತ್ತು ರಾಜ್ಯದ ಏಳು ಅಂಗಗಳು

ಪ್ರತಿವರ್ಷ ಸೆಪ್ಟೆಂಬರ್ 17ರಂದು ಶಾಲೆಯ ಅಂಗಳದಲ್ಲಿ ಧ್ವಜಾರೋಹಣವಾದ ಬಳಿಕ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆಯೊಂದುಂಟು: “ಗುರುಗಳೇ, ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ರಂದು. ನಮ್ಮ ಬೀದರ್ ಸೀಮೆಗೆ ಅದು ಹದಿಮೂರು ತಿಂಗಳು ತಡವಾಗಿ ಬಂದುದೇಕೆ?” ಪ್ರಶ್ನೆ ಚಿಕ್ಕದು. ಆದರೆ ಅದರ ಉತ್ತರದಲ್ಲಿ ಕ್ರಾಂತಿ, ನಾಯಕತ್ವ, ಪರರಾಷ್ಟ್ರ ಸಂಬಂಧ ಎಂಬ ಮೂರು ದೊಡ್ಡ ವಿಷಯಗಳು ಅಡಗಿವೆ. ವಿದ್ಯಾರ್ಥಿಗಳು ಈ ಮೂರನ್ನೂ ಕೂಡಿಸಿ ತಿಳಿಯಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ರಾಜನೀತಿಶಾಸ್ತ್ರವು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವುಗಳ ಕ್ರಮ ಹೀಗೆಯೇ ಇದೆ. ಜನಪದವೆಂದರೆ ನಾಡು ಮತ್ತು ಅದರ ಪ್ರಜೆ, ಅದು ಮೂರನೆಯದು. ಮಿತ್ರನೆಂದರೆ ಹೊರಗಿನ ಸ್ನೇಹಿತರಾಜ್ಯ, ಅದು ಏಳನೆಯದು. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

1911ರಲ್ಲಿ ಪಟ್ಟವೇರಿದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸಂಸ್ಥಾನ ಸಾಮಾನ್ಯವಾದುದಾಗಿರಲಿಲ್ಲ. ಅದರ ವಿಸ್ತೀರ್ಣ ಸುಮಾರು 82,000 ಚದರ ಮೈಲಿ. 1941ರ ಜನಗಣತಿಯಂತೆ ಪ್ರಜೆಗಳ ಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ತೆಲಂಗಾಣ, ಮರಾಠವಾಡದ ಜಿಲ್ಲೆಗಳೊಂದಿಗೆ ಬೀದರ್, ಗುಲ್ಬರ್ಗಾ, ರಾಯಚೂರುಗಳೂ ಅದರೊಳಗಿದ್ದವು. ಕೋಶದಲ್ಲಿ ನಿಜಾಮರು ಜಗತ್ತಿನ ಮಹಾಶ್ರೀಮಂತರಲ್ಲೊಬ್ಬರೆನಿಸಿದ್ದರು. ದುರ್ಗಗಳಿದ್ದವು, ಸ್ವಂತ ಸೈನ್ಯ, ಸ್ವಂತ ನಾಣ್ಯ, ಸ್ವಂತ ರೈಲ್ವೆ ಇದ್ದವು. ಇಲ್ಲದಿದ್ದುದು ಸಮುದ್ರತೀರವೊಂದೇ. ನಾಲ್ಕು ದಿಕ್ಕಿಗೂ ಭಾರತದ ನೆಲ. ಅದು ನೀರಿನ ಬದಲು ನೆಲವೇ ಸುತ್ತುವರಿದ ದ್ವೀಪದಂತಿದ್ದಿತು.

1947ರ ಜೂನ್ ತಿಂಗಳಿನಲ್ಲಿ ನಿಜಾಮರು ತಾವು ಸ್ವತಂತ್ರರಾಗಿ ಉಳಿಯುವುದಾಗಿ ಸಾರಿದರು. ಅದೇ ವರ್ಷ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಕಾಲಾವಕಾಶವನ್ನು ಅವರ ಸರಕಾರ ಬಳಸಿದುದು ಏಳನೆಯ ಅಂಗವಾದ ಮಿತ್ರನ ಅನ್ವೇಷಣೆಗೆ. ಬ್ರಿಟಿಷರು ಡೊಮಿನಿಯನ್ ಪದವಿ ಕೊಡಲಿಲ್ಲ. ಪೋರ್ಚುಗೀಸರ ವಶದಲ್ಲಿದ್ದ ಗೋವೆಯ ಬಂದರಿನ ಮೇಲೆ ಕಣ್ಣಿಟ್ಟದ್ದೂ ಫಲಿಸಲಿಲ್ಲ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲವನ್ನು ಕೊಟ್ಟದ್ದಾಯಿತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಚಾಲಕ ಕರಾಚಿಯಿಂದ ಗುಪ್ತವಾಗಿ ಶಸ್ತ್ರಾಸ್ತ್ರಗಳನ್ನು ಹೊತ್ತುತಂದ. 1948ರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಹೋಯಿತು.

ಹೊರಗೆ ಮಿತ್ರನನ್ನು ಅರಸುತ್ತಿದ್ದಾಗ ಒಳಗೆ ಜನಪದದ ಸ್ಥಿತಿ ಹೇಗಿದ್ದಿತು? ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆ ಮರೆತಿಲ್ಲ. ಸತ್ತವರು ಇನ್ನೂರರಷ್ಟು ಮಂದಿಯೆಂದು ಜನ ಹೇಳುತ್ತಾರೆ. ಭಾರತದೊಡನೆ ವಿಲೀನವಾಗಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ಆಗಸ್ಟಿನಲ್ಲಿ ಹೈದರಾಬಾದ್ ನಗರದಲ್ಲಿ ಕೊಂದರು. ಆದುದರಿಂದ ಈ ಹೋರಾಟವನ್ನು ಎರಡು ಮತಗಳ ಜಗಳವೆಂದು ತಿಳಿಯುವುದು ತಪ್ಪು. ಪ್ರಜೆಯ ಮಾತನ್ನು ಕೇಳದ ಆಳ್ವಿಕೆಗೂ ಪ್ರಜೆಗೂ ನಡೆದ ಹೋರಾಟವದು.

ಈ ಜನಪದಕ್ಕೆ ನಾಯಕರಾಗಿ ದೊರೆತವರು ಯಾರು? 1938ರಲ್ಲಿ ಸ್ಥಾಪನೆಯ ಹೊತ್ತಿಗೇ ನಿಷೇಧಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಾಮಾನಂದ ತೀರ್ಥರು ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದ ಆ ಕಾಲದಲ್ಲಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಔರಾದ ಸೀಮೆಯ ಕಮಲನಗರದವರಾದ ಈ ಪೂಜ್ಯರು 1999ರಲ್ಲಿ ಲಿಂಗೈಕ್ಯರಾದರು. ಉರ್ದು ಭಾಷೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಮನೆಯ ಮಾತು ಮಗುವಿಗೆ ತಪ್ಪಬಾರದೆಂಬ ಕಳಕಳಿಯಿತ್ತು. ಕೋವಿಯಿಲ್ಲದೆ ನಡೆದ ಈ ಅಕ್ಷರಕಾರ್ಯವೂ ಕ್ರಾಂತಿಯೇ ಸರಿ.

ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. ಭದ್ರತಾ ಮಂಡಳಿ ಪ್ಯಾರಿಸಿನಲ್ಲಿ ದೂರನ್ನು ವಿಚಾರಣೆಗೆ ಎತ್ತಿಕೊಂಡದ್ದು 16ರಂದು. ನಿಜಾಮರು ಕದನವಿರಾಮ ಸಾರಿದ್ದು 17ರಂದು. ಪಾಕಿಸ್ತಾನದ ಜಿನ್ನಾರವರು 11ರಂದೇ ತೀರಿಕೊಂಡಿದ್ದರು. ಐದು ದಿನಗಳಲ್ಲಿ ಯಾವ ಮಿತ್ರನೂ ನೆರವಿಗೆ ಬರಲಿಲ್ಲ. ಮೂರನೆಯ ಅಂಗವನ್ನು ಕಳೆದುಕೊಂಡವನನ್ನು ಏಳನೆಯದು ಕಾಯಲಾರದು.

ಇದೇ ಅಳತೆಗೋಲನ್ನು ನಿಜವಾದ ದ್ವೀಪವೊಂದರ ಮೇಲಿಟ್ಟು ನೋಡೋಣ. ಕೆರಿಬಿಯನ್ ಸಮುದ್ರದ ಕ್ಯೂಬಾ ವಿಸ್ತಾರದಲ್ಲಿ ನಿಜಾಮರ ಸಂಸ್ಥಾನದ ಅರ್ಧದಷ್ಟು. ಅಲ್ಲಿಯ ಸರ್ವಾಧಿಕಾರಿ ಬಟಿಸ್ಟಾನಿಗೆ ಅಮೆರಿಕೆಯಂತಹ ಬಲಾಢ್ಯ ಮಿತ್ರನಿದ್ದ. ಆದರೂ ಜನಪದ ಕೈಬಿಟ್ಟುದರಿಂದ 1959ರ ಜನವರಿ 1ರಂದು ಅವನು ಓಡಿಹೋಗಬೇಕಾಯಿತು; ಫಿಡೆಲ್ ಕ್ಯಾಸ್ಟ್ರೊ ನಾಯಕನಾದ. 1961ರಲ್ಲಿ ಲಕ್ಷದಷ್ಟು ಕಿರಿಯರು ಹಳ್ಳಿಹಳ್ಳಿಗೆ ಹೋಗಿ ಸುಮಾರು 7 ಲಕ್ಷ ಮಂದಿಗೆ ಅಕ್ಷರ ಕಲಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕೆಯ ಬೆಂಬಲದಿಂದ ಬಂದ ದಾಳಿಯನ್ನು ದ್ವೀಪ ಹಿಮ್ಮೆಟ್ಟಿಸಿತು. ಆದರೆ ಮುಂದೆ ಕ್ಯೂಬಾವೂ ಒಬ್ಬನೇ ಮಿತ್ರನನ್ನು ನೆಮ್ಮಿತು. 1962ರ ಅಕ್ಟೋಬರಿನ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಸೋವಿಯತ್ ಒಕ್ಕೂಟವು ಕ್ಯೂಬಾವನ್ನು ಕೇಳದೆಯೇ ಅಮೆರಿಕೆಯೊಡನೆ ರಾಜಿ ಮಾಡಿಕೊಂಡಿತು. 1991ರಲ್ಲಿ ಆ ಮಿತ್ರನೇ ಇಲ್ಲವಾದಾಗ ದ್ವೀಪದ ಜನ ಘೋರ ಅಭಾವವನ್ನನುಭವಿಸಿದರು. ಒಂದೇ ಪಕ್ಷದ ಆಳ್ವಿಕೆಯಲ್ಲಿ ಭಿನ್ನಮತಕ್ಕೆ ಎಡೆ ಇಲ್ಲದಾಯಿತು. ಲಕ್ಷಾಂತರ ಜನ ನಾಡು ತೊರೆದರು. ಗೆದ್ದ ಕ್ರಾಂತಿಯೂ ಜನಪದದ ಮಾತನ್ನು ಕೇಳುತ್ತಲೇ ಇರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಮಾತು ನಮಗೂ ಅನ್ವಯಿಸುತ್ತದೆ. ವಿಮೋಚನೆಯ ಹರ್ಷದ ಹಿಂದೆಯೇ ನಮ್ಮ ಸೀಮೆಯಲ್ಲಿ ಒಂದು ದುಃಖವೂ ನಡೆದುಹೋಯಿತು. ರಜಾಕಾರರ ಪಾಪಕ್ಕೆ ನಿರಪರಾಧಿಗಳಾದ ಮುಸಲ್ಮಾನ ಕುಟುಂಬಗಳು ದಂಡ ತೆತ್ತವು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ಕೊನೆಯಲ್ಲಿ ಸಂಚರಿಸಿ, 27,000ದಿಂದ 40,000 ಜನರು ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ವರದಿ ಬಹುಕಾಲ ಬೆಳಕು ಕಾಣಲಿಲ್ಲ. ನೆರೆಯವರನ್ನು ಮನೆಯೊಳಗಿಟ್ಟು ಕಾಪಾಡಿದ ಹಿಂದೂಗಳೂ ಇದ್ದರೆಂಬುದನ್ನು ಅದೇ ವರದಿ ದಾಖಲಿಸಿದೆ. ಗೋರ್ಟಾದ ಕಣ್ಣೀರನ್ನು ಹೇಳಿ ಈ ಕಣ್ಣೀರನ್ನು ಮುಚ್ಚಿಡುವ ಉಪಾಧ್ಯಾಯ ಅರ್ಧಪಾಠವನ್ನು ಮಾತ್ರ ಹೇಳಿದಂತೆ. ಜನಪದವೆಂಬ ಅಂಗದಲ್ಲಿ ಇವರಿಬ್ಬರೂ ಸೇರಿದ್ದಾರೆ.

ಮುಂದೆ ನಿಜಾಮರು 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಭಾಗವಾಗಿ, ಬೀದರ್, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡನಾಡಿಗೆ ಸೇರಿದವು. 2019ರಿಂದ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರು.

ವಿದ್ಯಾರ್ಥಿಗಳೇ, ಈಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯಿತಷ್ಟೆ. ಆ ಹದಿಮೂರು ತಿಂಗಳು, ಒಬ್ಬ ಅರಸ ಮೂರನೆಯ ಅಂಗವನ್ನು ಬಿಟ್ಟು ಏಳನೆಯದನ್ನು ಹುಡುಕುತ್ತ ಕಳೆದ ಕಾಲ. ಅದರ ಬೆಲೆಯನ್ನು ಹಳ್ಳಿಯ ಜನ ತೆತ್ತರು. ಮುಂದಿನ ಸೆಪ್ಟೆಂಬರ್ 17ರಂದು ಧ್ವಜವಂದನೆ ಮಾಡುವಾಗ ಗೋರ್ಟಾದವರನ್ನು ನೆನೆಯಿರಿ, ಶೋಯೆಬುಲ್ಲಾ ಖಾನರನ್ನು ನೆನೆಯಿರಿ, ಹೆಸರು ತಿಳಿಯದ ಆ ನೆರೆಹೊರೆಯವರನ್ನೂ ನೆನೆಯಿರಿ. ನಿಮ್ಮ ಊರಿನಲ್ಲಿ ಆ ಕಾಲವನ್ನು ಕಂಡ ಹಿರಿಯರಿನ್ನೂ ಇದ್ದರೆ, ಯಾವ ಓಣಿಯವರೇ ಆಗಲಿ, ಅವರ ಬಳಿ ಕುಳಿತು ಕೇಳಿ, ಕೇಳಿದುದನ್ನು ಬರೆದಿಡಿ.