ಸಕ್ಕರೆ ರೋಗ: ಮುನ್ಸೂಚನೆಗಳನ್ನು ಅರಿಯುವುದು ಹೇಗೆ?



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮಗೆ ಬಿಸಿಲು ಹೊಸದಲ್ಲ. ಹೀಗಾಗಿ ನೀರಡಿಕೆ ಹೆಚ್ಚಾದರೆ ‘ಬಿಸಿಲಿನ ತಾಪ’ ಎನ್ನುತ್ತೇವೆ. ದಣಿವಾದರೆ ‘ವಯಸ್ಸಾಯಿತು’ ಎನ್ನುತ್ತೇವೆ. ಮೈ ಇಳಿದರೆ ‘ದುಡಿತ ಹೆಚ್ಚಾಯಿತು’ ಎನ್ನುತ್ತೇವೆ. ಈ ಮಾತುಗಳ ಮರೆಯಲ್ಲಿ ಸಕ್ಕರೆ ರೋಗವು, ಅಂದರೆ ಮಧುಮೇಹವು, ವರ್ಷಗಟ್ಟಲೆ ಅಡಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ನಾವು ಉಣ್ಣುವ ರೊಟ್ಟಿ, ಅನ್ನ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಅದನ್ನು ಬಳಸಿಕೊಳ್ಳಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಅಥವಾ ಅದು ಸರಿಯಾಗಿ ಕೆಲಸ ಮಾಡದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅದರ ಪ್ರಮಾಣ ಸುಮಾರು 180 ಮಿ.ಗ್ರಾಂ. ದಾಟಿದಾಗ ಮೂತ್ರದಲ್ಲಿ ಹೊರಬೀಳುತ್ತದೆ, ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ.

ಬಿಸಿಲಿನ ನೀರಡಿಕೆಗೂ ಸಕ್ಕರೆ ರೋಗದ ನೀರಡಿಕೆಗೂ ಇರುವ ವ್ಯತ್ಯಾಸ ಇಲ್ಲಿದೆ. ಬಿಸಿಲಿನಲ್ಲಿ ಬೆವರು ಹೋಗಿ ಮೂತ್ರ ಕಡಿಮೆಯಾಗುತ್ತದೆ, ಹಳದಿಯಾಗುತ್ತದೆ. ಸಕ್ಕರೆ ರೋಗದಲ್ಲಿ ನೀರಡಿಕೆಯೂ ಹೆಚ್ಚು, ಮೂತ್ರವೂ ಹೆಚ್ಚು.

ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ರೋಗವೆಂದು ಹಿರಿಯರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಇರುವೆ ಬರುವ ಹೊತ್ತಿಗೆ ರೋಗ ಬಂದು ಬಹಳ ದಿನವಾಗಿರಬಹುದು. ಇರುವೆ ಬರಲಿಲ್ಲವೆಂದು ನಿಶ್ಚಿಂತರಾಗಬಾರದು.

ಗಮನಿಸಬೇಕಾದ ಲಕ್ಷಣಗಳು:

1. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ತೀರದ ನೀರಡಿಕೆ.
2. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಕಾರಣವಿಲ್ಲದ ಆಯಾಸ.
3. ಕಣ್ಣು ಮಂಜಾಗುವುದು.
4. ಗಾಯ ಬೇಗ ಮಾಯದಿರುವುದು, ಕುರು ಮರಳಿ ಮರಳಿ ಏಳುವುದು, ಗುಪ್ತಾಂಗದಲ್ಲಿ ತುರಿಕೆ.
5. ಅಂಗಾಲು ಉರಿಯುವುದು, ಜೋಮು ಹಿಡಿಯುವುದು, ಚಪ್ಪಲಿ ಜಾರಿದರೂ ತಿಳಿಯದಿರುವುದು.
6. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು.

ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಬರಿಗಾಲಲ್ಲಿ ನಡೆಯುವ ಭಕ್ತರು ಐದನೆಯ ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಸ್ಪರ್ಶ ತಿಳಿಯದ ಕಾಲಿಗೆ ಮುಳ್ಳು ಚುಚ್ಚಿದರೂ ನೋವಾಗದು. ಅದೇ ಗಾಯ ಕೊಳೆತು ಬೆರಳನ್ನೋ ಪಾದವನ್ನೋ ತೆಗೆಯುವವರೆಗೆ ಹೋಗಬಹುದು. ಆದ್ದರಿಂದ ಮನೆಗೆ ಬಂದೊಡನೆ ಅಂಗಾಲನ್ನು ತೊಳೆದು ನೋಡಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ತಡ ಮಾಡಲೇಬಾರದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸಿ, ನೀರು ನೀರು ಎನ್ನುತ್ತ ಸೊರಗಿದರೆ ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ. ವಾಂತಿ, ಏದುಸಿರು ಕಂಡರೆ ಪ್ರಾಣಾಪಾಯ.

ಇನ್ನೊಂದು ಮಾತು. ಅನೇಕರಲ್ಲಿ ಆರಂಭದಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ 30 ದಾಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಂದೆತಾಯಿಗೆ ಈ ರೋಗವಿದ್ದವರು, ಬಸುರಿಯಿದ್ದಾಗ ಸಕ್ಕರೆ ಏರಿದ್ದ ತಾಯಂದಿರು, ಅಂಗಡಿಯಲ್ಲಿ ಅಥವಾ ಬೀಡಿ ಕಟ್ಟುತ್ತ ದಿನವಿಡೀ ಕುಳಿತು ದುಡಿಯುವವರು, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರಿದವರು ಇನ್ನೂ ಜಾಗ್ರತರಾಗಿರಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಈ ತಪಾಸಣೆ ಉಚಿತ.

ಎಂಟು ತಾಸು ಏನೂ ಉಣ್ಣದೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಗಂಟೆ. 126 ಅಥವಾ ಹೆಚ್ಚಾದರೆ ಇನ್ನೊಮ್ಮೆ ಪರೀಕ್ಷಿಸಿ ವೈದ್ಯರು ರೋಗವನ್ನು ಖಚಿತಪಡಿಸುತ್ತಾರೆ. ಎಚ್‌ಬಿಎ1ಸಿ ಎಂಬ ಪರೀಕ್ಷೆಯೂ ಇದೆ, ಅದರಲ್ಲಿ 6.5 ಮುಟ್ಟಿದರೆ ರೋಗವೆಂದು ಅರ್ಥ. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಆ ದಿನದ ಶಿಲ್ಕು, ಎರಡನೆಯದು ಮೂರು ತಿಂಗಳ ಜಮಾಖರ್ಚು.

ಮರಾಠಿ ಸರಿಯಾಗಿ ಬಾರದ ನಮ್ಮ ಹಿರಿಯರು, ತಾಯಂದಿರು ದವಾಖಾನೆಯಲ್ಲಿ ಸಂಕೋಚದಿಂದ ಸುಮ್ಮನಾಗುತ್ತಾರೆ. ಇಷ್ಟು ಮಾತು ನೆನಪಿರಲಿ: ‘ಉಪಾಶಿಪೋಟಿ’ ಎಂದರೆ ಖಾಲಿ ಹೊಟ್ಟೆಯಲ್ಲಿ, ‘ಜೇವಣಾನಂತರ’ ಎಂದರೆ ಊಟದ ನಂತರ, ‘ಲಘವಿ’ ಎಂದರೆ ಮೂತ್ರ. ಖಾಲಿ ಹೊಟ್ಟೆಯಲ್ಲಿ ಬರಹೇಳಿದ ದಿನ ಚಹಾ ಕುಡಿದು ಹೋದರೆ ಪರೀಕ್ಷೆಯ ಲೆಕ್ಕ ತಪ್ಪುತ್ತದೆ.

ನೆರೆಮನೆಯವರ ಗುಳಿಗೆ ನುಂಗಬೇಡಿರಿ. ದಾಸೋಹದ ಹುಗ್ಗಿಯನ್ನು ಒಂದು ತುತ್ತು ಸ್ವೀಕರಿಸಿದರೂ ಪ್ರಸಾದವೇ. ಕಾಯಕ ನಡೆಯಬೇಕಾದರೆ ಕಾಯ ನೆಟ್ಟಗಿರಬೇಕು. ಈ ವಾರವೇ ಮನೆಯ ಹಿರಿಯರನ್ನು ತಪಾಸಣೆಗೆ ಕರೆದೊಯ್ಯಬೇಕೆಂದು ಸದ್ಭಕ್ತರಲ್ಲಿ ನಮ್ಮ ಕಳಕಳಿಯ ವಿನಂತಿ.