ವಯನಾಡಿನ ಹೊನ್ನಿನ ಹುಚ್ಚು (1879–1882)

ಪಾಠದ ಉದ್ದೇಶ: ಚಿನ್ನದ ಶೋಧವೆಂದರೆ ಕ್ಯಾಲಿಫೋರ್ನಿಯಾ ಅಥವಾ ಆಸ್ಟ್ರೇಲಿಯಾದ ಸಂಗತಿಯೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ನೀಲಗಿರಿಯ ದೇವಾಲ, ಪಂದಲೂರುಗಳಲ್ಲಿಯೂ ಅಂಥದೊಂದು ಧಾವಂತ ನಡೆದಿತ್ತು. ಅದರ ಲಾಭ ಯಾರಿಗೆ ಸಂದಿತು, ನಷ್ಟ ಯಾರ ಪಾಲಾಯಿತು ಎಂಬುದನ್ನು ತಿಳಿಸುವುದು ಈ ಪಾಠದ ಗುರಿ.

ಹಿನ್ನೆಲೆ: ಇಂದು ಗೂಡಲೂರು, ಪಂದಲೂರು ಎನ್ನಿಸಿಕೊಳ್ಳುವ ಪ್ರದೇಶವು ಆಗ ಆಗ್ನೇಯ ವಯನಾಡು ಎನಿಸಿಕೊಂಡಿತ್ತು. ಮಲಬಾರಿಗೆ ಸೇರಿದ್ದ ಈ ಭಾಗವನ್ನು 1877ರಲ್ಲಿ ನೀಲಗಿರಿ ಜಿಲ್ಲೆಗೆ ಸೇರಿಸಲಾಯಿತು. ಇಲ್ಲಿನ ಹೊಳೆಗಳ ಮರಳನ್ನು ಮರಿಗೆಯಲ್ಲಿ ತೊಳೆದು ಹೊನ್ನಿನ ಕಣ ತೆಗೆಯುವ ವಿದ್ಯೆ ಕುರುಂಬ ಮತ್ತು ಪಣಿಯ ಜನರಿಗೆ ಬಹುಕಾಲದಿಂದ ತಿಳಿದಿತ್ತು. ಬೆಣಚುಕಲ್ಲಿನ ಎಳೆಗಳನ್ನು ಅಗೆದಿದ್ದ ಪುರಾತನ ಗುಂಡಿಗಳೂ ಕಾಡಿನಲ್ಲಿದ್ದವು.

ಧಾವಂತದ ಬಗೆ: ಯಂತ್ರದಿಂದ ಕಲ್ಲು ಕುಟ್ಟಿ ಚಿನ್ನ ತೆಗೆಯುವ ಉದ್ದೇಶದಿಂದ 1874ರಲ್ಲಿ ಆಲ್ಫಾ ಎಂಬ ಕಂಪನಿ ಸ್ಥಾಪನೆಯಾಯಿತು. 1879ರಲ್ಲಿ ಸರ್ಕಾರವು ಆಸ್ಟ್ರೇಲಿಯಾದಲ್ಲಿ ಅನುಭವ ಪಡೆದಿದ್ದ ರಾಬರ್ಟ್ ಬ್ರೋ ಸ್ಮಿತ್ ಎಂಬ ಗಣಿಗಾರಿಕೆಯ ತಜ್ಞನನ್ನು ಕರೆಸಿತು. ಅವನ ಆಶಾದಾಯಕ ವರದಿ ಲಂಡನ್ನಿನ ಷೇರುಪೇಟೆಯಲ್ಲಿ ಸಂಚಲನವನ್ನುಂಟುಮಾಡಿತು. ಎರಡೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಘೋಷಿತ ಬಂಡವಾಳ ಸುಮಾರು 50 ಲಕ್ಷ ಪೌಂಡು. ಕಾಡಿನ ನಡುವಣ ಪಂದಲೂರು ಹೋಟೆಲು, ಕುದುರೆ ಪಂದ್ಯದ ಬಯಲುಗಳುಳ್ಳ ಪೇಟೆಯಾಯಿತು.

ಇಲ್ಲಿ ಶಿಕ್ಷಕರು ಒಂದು ಅಂಶವನ್ನು ವಿಶದಪಡಿಸಬೇಕು. ಎಲೆ ತುಕ್ಕು ರೋಗ ಮತ್ತು ಕಾಂಡಕೊರಕದಿಂದ ವಯನಾಡಿನ ಕಾಫಿ ತೋಟಗಳು ಆಗ ಸೊರಗಿದ್ದವು. ನಷ್ಟದಲ್ಲಿದ್ದ ತೋಟಗಾರರಿಗೆ ಭೂಮಿಯನ್ನು ಗಣಿ ಕಂಪನಿಗಳಿಗೆ ಮಾರುವುದು ವರವಾಗಿ ಒದಗಿತು. ಷೇರುದಾರರ ಹಣದ ದೊಡ್ಡ ಪಾಲು ಭೂಮಿಯ ಬೆಲೆಗೂ ಕಂಪನಿ ಕಟ್ಟಿದವರ ಜೇಬಿಗೂ ಹೋಯಿತು. ಅಗೆತಕ್ಕೆ ಉಳಿದದ್ದು ಅಲ್ಪ.

ಕುಸಿತ: ಆರಿಸಿ ತೆಗೆದ ಕಲ್ಲಿನ ಚೂರುಗಳನ್ನು ಪರೀಕ್ಷಿಸಿದಾಗ ಕಂಡ ಚಿನ್ನ, ರಾಶಿಗಟ್ಟಲೆ ಕಲ್ಲನ್ನು ಕುಟ್ಟಿದಾಗ ಕಾಣಲಿಲ್ಲ. ದೊರೆತದ್ದು ಖರ್ಚಿಗೂ ಸಾಲಲಿಲ್ಲ. ಮಲೇರಿಯಾ ಜ್ವರವೂ ಕಾಡಿತು. 1882ರ ಹೊತ್ತಿಗೆ ಉತ್ಸಾಹ ಇಳಿದು, ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ಹೋಲಿಕೆ: ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಕೋಲಾರದಲ್ಲಿಯೂ ಕಂಪನಿಗಳು ಅಗೆಯುತ್ತಿದ್ದವು. ಅಲ್ಲಿಯೂ ಆರಂಭದಲ್ಲಿ ಹಣ ಬರಿದಾಗುತ್ತ ಬಂದಿತ್ತು. ಆದರೆ ಇನ್ನಷ್ಟು ಆಳಕ್ಕೆ ಇಳಿದಾಗ ಚಾಂಪಿಯನ್ ಎಂಬ ಸಮೃದ್ಧ ಅದಿರಿನ ಎಳೆ ದೊರೆಯಿತು. ಆ ಗಣಿ 2001ರವರೆಗೆ ನಡೆಯಿತು. ಎರಡೂ ಕಡೆ ಆಸೆ ಒಂದೇ; ನೆಲದಡಿಯ ಶಿಲೆ ಮಾತ್ರ ಬೇರೆ.

ಇಂದಿನ ಪ್ರಸ್ತುತತೆ: ದೇವಾಲದ ಸುತ್ತಮುತ್ತ ಹಳೆಯ ಸುರಂಗಗಳು ಇಂದಿಗೂ ಬಾಯ್ದೆರೆದುಕೊಂಡಿವೆ. ಬಡತನದಿಂದ ಅವುಗಳೊಳಗೆ ಇಳಿದು ಕಲ್ಲು ತೆಗೆಯಲು ಹೋದವರು ಪ್ರಾಣ ಕಳೆದುಕೊಂಡದ್ದುಂಟು. ಮಣ್ಣು ಕುಸಿಯುವ, ಗಾಳಿಯಾಡದ ಈ ಸುರಂಗಗಳ ಬಳಿ ಸುಳಿಯಬಾರದೆಂದು ಆ ಭಾಗದ ಶಾಲೆಗಳಲ್ಲಿ ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಕ್ಷೇತ್ರ ಭೇಟಿಗೆ ಅವುಗಳನ್ನು ಎಂದಿಗೂ ಆಯ್ದುಕೊಳ್ಳಬಾರದು.

ಚಟುವಟಿಕೆಗಳು:

1. ಭೂಪಟದಲ್ಲಿ ದೇವಾಲ, ಪಂದಲೂರು, ಕೋಲಾರಗಳನ್ನು ಗುರುತಿಸಿರಿ.

2. ತೋಟದ ಒಡೆಯ, ಲಂಡನ್ನಿನ ಷೇರುದಾರ, ಗಣಿಯ ಕೂಲಿ, ಮರಳು ತೊಳೆಯುವ ಕುರುಂಬ: ತರಗತಿಯನ್ನು ಈ ನಾಲ್ಕು ಗುಂಪುಗಳಾಗಿ ವಿಂಗಡಿಸಿರಿ. 1880ರಲ್ಲಿ ತಾವು ಏನು ಬಯಸಿದೆವು, 1882ರಲ್ಲಿ ತಮ್ಮ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ಪ್ರತಿ ಗುಂಪೂ ಹೇಳಲಿ.

3. ಒಂದು ಹಿಡಿ ಕಲ್ಲನ್ನು ಪರೀಕ್ಷಿಸಿ ಇಡೀ ಬೆಟ್ಟಕ್ಕೆ ಬೆಲೆ ಕಟ್ಟುವುದು ಏಕೆ ಸರಿಯಲ್ಲ? ಐದು ವಾಕ್ಯಗಳಲ್ಲಿ ಬರೆಯಿಸಿರಿ.