ಕುದುರೆ ನಡೆ ಮತ್ತು ಸಾಧನೆ: ಒಂಬತ್ತನೇ ತರಗತಿಯ ಒಂದು ಗಣಿತ ಪಾಠದ ಅವಲೋಕನ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಅಜ್ಜಂಪುರ ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತ್ತು. ಕಡೂರಿನಿಂದ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಕಂಪ್ಯೂಟರ್ ಜೊತೆ ಚದುರಂಗ ಆಡುವುದು ನನ್ನ ಹವ್ಯಾಸ. ತರೀಕೆರೆಯ ಸೋದರಮಾವ ಕಲಿಸಿದ ಆಟ ಅದು. ಈಗಲೂ ಸೋಲುವುದೇ ಹೆಚ್ಚು. ಈ ಆಸಕ್ತಿಯನ್ನೇ ಬಳಸಿ 'ಗಣಿತದಲ್ಲಿ ಸಾಧನೆ ಎಂದರೇನು' ಎಂಬ ಪಾಠ ಯೋಜಿಸಿದೆ.

ಪೀಠಿಕೆ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ನಡೆಯ ಒಗಟುಗಳನ್ನು ರಚಿಸಿದ್ದನ್ನು ಹೇಳಿ ಪಾಠ ಆರಂಭಿಸಿದೆ. ಕುದುರೆ 64 ಮನೆಗಳಲ್ಲೂ ಒಂದೊಂದೇ ಬಾರಿ ಕಾಲಿಡಬೇಕು, ಅದೇ ಒಗಟು. 9ನೇ ಶತಮಾನದಲ್ಲೇ ಕಾಶ್ಮೀರದ ರುದ್ರಟ ಈ ನಡೆಯನ್ನು ಪದ್ಯದ ಅಕ್ಷರಗಳಲ್ಲಿ ಹೆಣೆದಿದ್ದ. ಬಳಿಕ 1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರದ ಕಥೆ ಹೇಳಿದೆ. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಅದು ಪರಿಶೀಲಿಸುತ್ತಿತ್ತು ಎಂದಾಗ ಮಕ್ಕಳ ಕಣ್ಣು ಅರಳಿತು. ಆದರೆ 10 ನಿಮಿಷದ ಪೀಠಿಕೆ 18 ನಿಮಿಷ ತಿಂದಿತ್ತು.

ಚಟುವಟಿಕೆ

64 ಮನೆಗೆ ಸಮಯ ಸಾಲದೆಂದು 5×5 ಚೌಕ ಬರೆಸಿದೆ. 'ಇಷ್ಟವಾದ ಮನೆಯಿಂದ ಹೊರಡಿ, 25 ಮನೆಯೂ ಮುಗಿಯಬೇಕು' ಎಂದೆ. ಮೂವರು ಮುಗಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನೇ ಸಾಲಿನ ನಡುಮನೆಯಿಂದ ಹೊರಟು 24 ಮುಗಿಸಿದ್ದಳು. ಒಂದು ಮೂಲೆ ಉಳಿದಿತ್ತು. 'ಇನ್ನೊಂದೇ ಅಲ್ವಾ, ಮತ್ತೆ ಪ್ರಯತ್ನಿಸಮ್ಮ' ಎಂದೆ. ಮೂರು ಸಲ ಅಳಿಸಿ ಬರೆದಳು. ಪುಟ ಹರಿಯುವಂತಾದಾಗ ಕೇಳಿದಳು: 'ಸರ್, ಇದು ಆಗೋದೇ ಇಲ್ವಾ, ಇಲ್ಲಾ ನಂಗೆ ಬರ್ತಿಲ್ವಾ?'

ನನ್ನಲ್ಲಿ ಉತ್ತರವಿರಲಿಲ್ಲ. 8×8 ಮಣೆಯಲ್ಲಿ ಹೊರಟ ಮನೆಗೇ ಮರಳುವ ಸುತ್ತು ಇದೆ. ಆದ್ದರಿಂದ ಎಲ್ಲಿಂದ ಹೊರಟರೂ ಆಗುತ್ತದೆ. 5×5ಕ್ಕೂ ಹಾಗೇ ಎಂದು ಪರೀಕ್ಷಿಸದೆ ಊಹಿಸಿದ್ದೆ.

ಕಪ್ಪುಹಲಗೆಯ ಮೇಲೆ ಮೂಲೆಯಿಂದ ಒಂದು ಬಿಟ್ಟು ಒಂದು ಮನೆಗೆ ಬಣ್ಣ ತುಂಬಿಸಿದೆ. ಬಣ್ಣದ ಮನೆ 13, ಖಾಲಿ ಮನೆ 12. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ ಎಂಬುದನ್ನು ಮಕ್ಕಳೇ ಗುರುತಿಸಿದರು. ಖಾಲಿ ಮನೆಯಿಂದ ಹೊರಟರೆ ಖಾಲಿ, ಬಣ್ಣ, ಖಾಲಿ, ಬಣ್ಣ ಎಂದು ಸಾಗಿ 24ಕ್ಕೆ ಖಾಲಿ ಮನೆಗಳು ಮುಗಿದುಹೋಗುತ್ತವೆ. ಒಂದು ಬಣ್ಣದ ಮನೆ ಉಳಿಯಲೇಬೇಕು. ಆ ಹುಡುಗಿ ಹೊರಟಿದ್ದು ಖಾಲಿ ಮನೆಯಿಂದ. ಅವಳು ತಲುಪಿದ್ದು ಅಲ್ಲಿಂದ ತಲುಪಬಹುದಾದ ಗರಿಷ್ಠ ಸಂಖ್ಯೆ. ಅದನ್ನು ತರಗತಿಯ ಮುಂದೆಯೇ ಹೇಳಿದೆ.

ಅವಲೋಕನ

ಕಂಪ್ಯೂಟರ್ ಎಲ್ಲ ದಾರಿಗಳನ್ನೂ ಹುಡುಕಿ 'ಇಲ್ಲ' ಎನ್ನಬಲ್ಲದು. ಮಕ್ಕಳು ಒಂದು ದಾರಿಯನ್ನೂ ಹುಡುಕದೆ, ಎಣಿಸಿ, ಏಕೆ ಇಲ್ಲ ಎಂದು ಹೇಳಿದರು. ಸಾಧನೆ ಎಂದರೇನು ಎಂಬುದಕ್ಕೆ ನನ್ನ ಪಾಠಯೋಜನೆಯಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಮೇಲ್ವಿಚಾರಕರು ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಶ ಬರೆದರು. ಒಂದು: ಚಟುವಟಿಕೆಯನ್ನು ಮೊದಲು ಶಿಕ್ಷಕನೇ ಪೂರ್ತಿ ಮಾಡಿನೋಡಬೇಕು. ಎರಡು: ಎರಡೂ ಬಣ್ಣ ಸಮವಿದ್ದರೆ ಸಾಕು ಎಂದು ಮಕ್ಕಳು ತೀರ್ಮಾನಿಸದಂತೆ ಎಚ್ಚರ ವಹಿಸಬೇಕು. 4×4ರಲ್ಲಿ 8, 8 ಸಮವಿದ್ದರೂ ಎಲ್ಲ ಮನೆ ಮುಗಿಸುವ ನಡೆ ಇಲ್ಲ.

ಮುಂದಿನ ಪಾಠಕ್ಕೆ

ಪೀಠಿಕೆಯನ್ನು 5 ನಿಮಿಷಕ್ಕೆ ಇಳಿಸಿದ್ದೇನೆ. ಅರ್ಧ ತರಗತಿಗೆ ಮೂಲೆಯಿಂದ, ಉಳಿದರ್ಧಕ್ಕೆ ಅದರ ಪಕ್ಕದ ಮನೆಯಿಂದ ಹೊರಡಲು ಹೇಳಿ, 10 ನಿಮಿಷದ ಬಳಿಕ ಆ ಹುಡುಗಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. 'ಮತ್ತೆ ಪ್ರಯತ್ನಿಸು' ಎನ್ನುವ ಮುನ್ನ ಅದು ಆಗುವ ಕೆಲಸವೇ ಎಂದು ನೋಡಿಕೊಳ್ಳುವುದನ್ನೂ ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಬರೆದುಕೊಂಡಿದ್ದೇನೆ.